ಗೆದ್ದವರಿಗೇ ಗೆದ್ದದ್ದು ನೆನಪಿಲ್ಲ ಅಂದ್ರೆ ಹೇಗೆ ಸ್ವಾಮಿ?

ನಿನ್ನೆ ರಾತ್ರಿ ‘ಸಿಲ್ವರ್ ಆನ್ ದ ಟ್ರೀ’ ಮತ್ತೆ ಓದಿ ಮುಗಿಸಿದೆ. ಮುಗಿಸಿ ದೀಪ ಆರಿಸಿ ಮಲಗಬೇಕಿತ್ತು. ಆಗಲಿಲ್ಲ. ಸಿಟ್ಟು ನೆತ್ತಿಗೇರಿತ್ತು. ಈ ವಯಸ್ಸಿನಲ್ಲಿ ಮಕ್ಕಳ ಪುಸ್ತಕದ ಮೇಲೆ ಇಷ್ಟು ಸಿಟ್ಟಾ ಅಂತ ಕೇಳುವವರು ಇಲ್ಲಿಗೆ ಹೊಸಬರು ಅಂತ ಅರ್ಥ. ಹಳಬರಿಗೆ ನನ್ನ ರೋಗ ಗೊತ್ತು. ಪ್ರಶಸ್ತಿ ಬಂದ ದೊಡ್ಡವರ ಕಾದಂಬರಿಯನ್ನು ಅರ್ಧಕ್ಕೆ ಬಿಟ್ಟು ಹಾಯಾಗಿ ನಿದ್ದೆ ಮಾಡಬಲ್ಲೆ. ಮಂತ್ರದ ಕತ್ತಿ ಇರುವ ಪುಸ್ತಕವನ್ನು ಮಾತ್ರ ಬಿಡೋದಕ್ಕಾಗಲ್ಲ.

ಓದದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಸೂಸನ್ ಕೂಪರ್ ಎಂಬ ಇಂಗ್ಲಿಷ್ ಲೇಖಕಿ 1965ರಿಂದ 1977ರವರೆಗೆ ಬರೆದ ಐದು ಪುಸ್ತಕಗಳ ಸರಣಿ ಇದು. ಹೆಸರು ‘ದ ಡಾರ್ಕ್ ಈಸ್ ರೈಸಿಂಗ್’. ನಾಲ್ಕನೆಯದಾದ ‘ದ ಗ್ರೇ ಕಿಂಗ್’ಗೆ 1976ರಲ್ಲಿ ಮಕ್ಕಳ ಪುಸ್ತಕಗಳಿಗೆ ಅಮೆರಿಕದಲ್ಲಿ ಕೊಡುವ ನ್ಯೂಬೆರಿ ಪದಕ ಬಂತು. ನಾನು ಜಗಳ ಆಡುತ್ತಿರುವುದು ಐದನೆಯದಾದ ‘ಸಿಲ್ವರ್ ಆನ್ ದ ಟ್ರೀ’ ಜೊತೆ. ಕೊನೆ ಏನಾಗುತ್ತೆ ಅಂತ ಇಲ್ಲೇ ಹೇಳಿಬಿಡುತ್ತೇನೆ. 1977ರ ಪುಸ್ತಕ, ‘ಅಯ್ಯೋ ಕಥೆ ಬಿಟ್ಟುಕೊಟ್ರಿ’ ಅಂತ ಯಾರೂ ಬರಬೇಡಿ.

ಒಂದು ಕಡೆ ಬೆಳಕು, ಇನ್ನೊಂದು ಕಡೆ ಕತ್ತಲು. ವಿಲ್ ಸ್ಟಾಂಟನ್ ಎಂಬ ಹುಡುಗನಿಗೆ 11 ತುಂಬಿದ ದಿನ ತಾನು ಬರೀ ಮನುಷ್ಯ ಅಲ್ಲ, ಬೆಳಕಿನ ಕಡೆಯ ಅಮರರ ಪೈಕಿ ಕೊನೆಯವನು ಅಂತ ತಿಳಿಯುತ್ತದೆ. ಅವರ ಹಿರಿಯ ಮೆರಿಮನ್, ಅಂದರೆ ಬ್ರಿಟನ್ನಿನ ಹಳೇ ಕಥೆಗಳ ಮಂತ್ರವಾದಿ ಮರ್ಲಿನ್. ಸೈಮನ್, ಜೇನ್, ಬಾರ್ನಿ ಅಂತ ಮೂವರು ಒಡಹುಟ್ಟಿದವರು. ಅವರಿಗೆ ಯಾವ ಶಕ್ತಿಯೂ ಇಲ್ಲ. ವೇಲ್ಸ್‌ನಲ್ಲಿ ಬ್ರಾನ್ ಎಂಬ ಬಿಳಿ ಕೂದಲಿನ ಹುಡುಗ. ಅವನು ಅದೇ ಹಳೇ ಕಥೆಗಳ ಆರ್ಥರ್ ರಾಜನ ಮಗ. ತಾಯಿ ಅವನನ್ನು ಕಾಲ ದಾಟಿಸಿ ತಂದು ಬಿಟ್ಟಿದ್ದಾಳೆ, ಓವೆನ್ ಡೇವಿಸ್ ಎಂಬ ಬಡಪಾಯಿ ಸಾಕಿದ್ದಾನೆ. ಐದು ಪುಸ್ತಕ ಓಡಾಡಿ, ಹೆದರಿ, ಅತ್ತು, ಕೊನೆಗೆ ಎಲ್ಲರೂ ಒಂದು ಮರದ ಬುಡಕ್ಕೆ ಬರುತ್ತಾರೆ. ಅದರ ಬಂದಳಿಕೆಯಲ್ಲಿ ಬೆಳ್ಳಿ ಹೂವು. ಬ್ರಾನ್ ಹರಳಿನ ಕತ್ತಿಯಿಂದ ಅದನ್ನು ಕತ್ತರಿಸುತ್ತಾನೆ. ಕತ್ತಲು ಕಾಲದಿಂದಲೇ ಆಚೆ ಬಿದ್ದುಹೋಗುತ್ತದೆ.

ಇಲ್ಲಿಯವರೆಗೆ ನನ್ನದೇನೂ ತಕರಾರಿಲ್ಲ. ಮೈ ಜುಮ್ಮೆನ್ನುತ್ತದೆ.

ಆಮೇಲೆ ಮೆರಿಮನ್ ಭಾಷಣ ಮಾಡುತ್ತಾನೆ. ಇನ್ನು ಯಾವ ಆರ್ಥರನೂ ಎದ್ದು ಬರುವುದಿಲ್ಲ, ಯಾರೋ ಬಂದು ಕಾಪಾಡುತ್ತಾರೆ ಅಂತ ಕಾಯುತ್ತಾ ಕೂರಬೇಡಿ, ಈ ಲೋಕ ಈಗ ನಿಮ್ಮದು, ಹಾಳು ಮಾಡುವುದೂ ಉಳಿಸುವುದೂ ನಿಮ್ಮ ಕೈಯಲ್ಲೇ. ಮಕ್ಕಳ ಪುಸ್ತಕದಲ್ಲಿ ಇಷ್ಟು ನೇರವಾಗಿ ಹೇಳಿದವರು ಕಡಿಮೆ. ಎದ್ದು ನಿಂತು ಚಪ್ಪಾಳೆ ತಟ್ಟಬೇಕು ಅನ್ನಿಸುತ್ತೆ.

ತಟ್ಟುವಷ್ಟರಲ್ಲಿ ಅದೇ ಮನುಷ್ಯ ಇನ್ನೊಂದು ಮಾತು ಹೇಳುತ್ತಾನೆ. ನಾನು ಹೊರಟ ಕೂಡಲೇ ನೀವು ಇದನ್ನೆಲ್ಲ ಮರೆಯುತ್ತೀರಿ. ಮನಸ್ಸಿನ ಯಾವುದೋ ಮೂಲೆಗೆ ಹೋಗಿ ಸೇರಿಕೊಳ್ಳುತ್ತೆ, ಕನಸಿನಲ್ಲಿ ಬಿಟ್ಟರೆ ಸುಳಿವೂ ಸಿಗುವುದಿಲ್ಲ. ವಿಲ್‌ಗೆ ಮಾತ್ರ ನೆನಪಿರುತ್ತದೆ. ಅವನಿಗೆ ನೆನಪಿದೆ ಅನ್ನುವುದೂ ನಿಮಗೆ ನೆನಪಿರುವುದಿಲ್ಲ.

ಆಹಾ. ಬೀಗದ ಕೈ ಕೊಟ್ಟು, ಮನೆ ನಿನ್ನದೇ ಅಂತ ಬೆನ್ನು ತಟ್ಟಿ, ಮನೆ ಎಲ್ಲಿದೆ ಅನ್ನುವುದನ್ನೇ ಮರೆಸಿ ಕಳಿಸಿದ ಹಾಗೆ.

ಲೋಕ ನಿಮ್ಮ ಜವಾಬ್ದಾರಿ ಅಂತ ಹೇಳಿದ್ದು ನಿಜವೇ ಆದರೆ, ಆ ಜವಾಬ್ದಾರಿ ಹೊರಲು ಇದ್ದ ಒಂದೇ ಬಂಡವಾಳ ಅವರ ಅನುಭವ ತಾನೇ? ಕತ್ತಲು ಹೇಗಿರುತ್ತೆ, ಎಷ್ಟು ಸಿಹಿಯಾಗಿ ಮಾತಾಡುತ್ತೆ, ಯಾರ ಮನೆಯಲ್ಲಿ ಯಾವ ರೂಪದಲ್ಲಿ ಕೂತಿರುತ್ತೆ ಅಂತ ಕಣ್ಣಾರೆ ಕಂಡ ಮಕ್ಕಳು ಅವರು. ಅದನ್ನೇ ಕಿತ್ತುಕೊಂಡು ಹೋಗಿ ಬನ್ನಿ ಅಂದರೆ ಹೇಗೆ?

ಜೇನ್‌ಳನ್ನೇ ನೋಡಿ. ಮೂರನೇ ಪುಸ್ತಕದಲ್ಲಿ ಕಡ್ಡಿ ಎಲೆಗಳಿಂದ ಕಟ್ಟಿದ ಒಂದು ಆಕೃತಿಯನ್ನು ಸಮುದ್ರಕ್ಕೆ ಎಸೆಯುವ ಆಚರಣೆ ಬರುತ್ತದೆ. ಎಸೆಯುವ ಮುಂಚೆ ಅದನ್ನು ಮುಟ್ಟಿ ಏನಾದರೂ ಕೇಳಿಕೊಳ್ಳಬಹುದು. ಈ ಹುಡುಗಿ ತನಗೇನೂ ಕೇಳಿಕೊಳ್ಳುವುದಿಲ್ಲ. ಆ ಆಕೃತಿಯ ಮುಖದಲ್ಲಿ ಅದೆಂಥದೋ ಒಂಟಿತನ ಕಾಣಿಸಿ, ನೀನು ಸುಖವಾಗಿರು ಅಂತ ಹಾರೈಸುತ್ತಾಳೆ. ಬೆಳಕಿನ ಕಡೆಯ ಮಹಾಮಹಿಮರೆಲ್ಲ ತಮ್ಮ ಮಂತ್ರ ಹಿಡಿದು ಹೋಗಿ ಬರಿಗೈಲಿ ಬಂದ ಕಡೆ, ಈ ಒಂದು ಮಾತಿಗೆ ಕರಗಿ ಆ ಜೀವ ತನ್ನ ಗುಟ್ಟನ್ನು ಅವಳ ಕೈಗಿಡುತ್ತದೆ. ಇಡೀ ಯುದ್ಧದ ದಿಕ್ಕು ತಿರುಗಿದ್ದು ಒಬ್ಬ ಸಾಮಾನ್ಯ ಹುಡುಗಿಯ ಕನಿಕರದಿಂದ. ಅವಳಿಗೆ ಈಗ ಅದು ಗೊತ್ತಿಲ್ಲ! ದೊಡ್ಡವಳಾದ ಮೇಲೆ ಎಂದಾದರೂ ನನ್ನ ಕೈಯಲ್ಲಿ ಏನಾಗುತ್ತೆ ಅಂತ ಕುಗ್ಗಿ ಕೂತರೆ, ನಿನ್ನ ಕೈಯಲ್ಲಿ ಏನೇನಾಗಿತ್ತು ಗೊತ್ತಾ ಅಂತ ಹೇಳುವವರು ಯಾರು?

ಕೂಪರ್‌ಗೆ ಇದು ಹೊಳೆದಿರಲಿಲ್ಲ ಅಂತ ನಾನು ಹೇಳಲ್ಲ. ಆಕೆ ಬೆಪ್ಪು ಲೇಖಕಿ ಅಲ್ಲ. ಕೊನೇ ಪುಸ್ತಕದ ಶುರುವಿನಲ್ಲೇ ವಿಲ್ ತನ್ನ ಹಿರಿಯಣ್ಣ ಸ್ಟೀಫನ್‌ಗೆ ನಿಜ ಹೇಳಿಬಿಡುತ್ತಾನೆ. ಅಣ್ಣ ನೌಕಾಪಡೆಯಲ್ಲಿರುವವನು, ಲೋಕ ಕಂಡವನು. ಆದರೂ ಆ ನಿಜವನ್ನು ತಡೆದುಕೊಳ್ಳಲು ಅವನಿಗೆ ಆಗುವುದಿಲ್ಲ. ಆಗ ಬಿಳಿ ಪತಂಗಗಳ ಹಿಂಡೊಂದು ಬಂದು ಅವನನ್ನು ಸುತ್ತುವರಿದು, ಆ ನೆನಪನ್ನು ಹೊತ್ತುಕೊಂಡು ಹಾರಿಹೋಗುತ್ತದೆ. ಎಂಥಾ ಚೆಂದದ ದೃಶ್ಯ! ಮೊದಲ ಸಲ ಓದಿದಾಗ ಅಲ್ಲೇ ಪುಸ್ತಕ ಮಡಚಿ ಸುಮ್ನೆ ಕೂತಿದ್ದೆ. ಆದರೆ ಆ ಅಧ್ಯಾಯಗಳಲ್ಲೇ ಇನ್ನೊಂದು ಘಟನೆಯೂ ಇದೆ. ಸಿಂಗ್ ಎಂಬ ಭಾರತೀಯ ಮೂಲದ ಪುಟ್ಟ ಹುಡುಗನನ್ನು ಬಿಳಿ ಹುಡುಗರು ಹಿಡಿದು ಗೋಳು ಹೊಯ್ದುಕೊಳ್ಳುತ್ತಾರೆ. ಸ್ಟೀಫನ್ ಅಡ್ಡ ಹೋಗಿ ಬುದ್ಧಿ ಕಲಿಸುತ್ತಾನೆ. ಆ ಪುಂಡನ ಅಪ್ಪ ಮನೆಗೇ ಜಗಳಕ್ಕೆ ಬಂದು, ವಲಸೆ ಬಂದವರ ಮೇಲೆ ವಿಷ ಕಾರುತ್ತಾನೆ. ಅವನು ಕತ್ತಲಿನ ಕಡೆಯಿಂದ ಕುದುರೆಯೇರಿ ಬರುವ ಸವಾರ ಅಲ್ಲ. ಪಕ್ಕದ ಬೀದಿಯ ಸಾಮಾನ್ಯ ಮನುಷ್ಯ. ಕತ್ತಲು ಇಂಥವರ ಹೆಗಲೇರಿ ಬರುತ್ತೆ ಅಂತ ಕೂಪರ್ 1977ರಲ್ಲಿ ಮಕ್ಕಳಿಗೆ ಬರೆದಿದ್ದಾರೆ.

ಅಂದರೆ ಬೆಳ್ಳಿ ಹೂವು ಕತ್ತರಿಸಿದ ಮಾತ್ರಕ್ಕೆ ಆ ಅಪ್ಪ ಎಲ್ಲಿಗೂ ಹೋಗುವುದಿಲ್ಲ ಅಲ್ವಾ? ಅವನನ್ನು ಎದುರಿಸಬೇಕಾದವರು ಇದೇ ಸೈಮನ್, ಜೇನ್, ಬಾರ್ನಿ. ಅದೂ ಖಾಲಿ ತಲೆಯಲ್ಲಿ.

ಈಗ ಜಾನ್ ರೋಲಂಡ್ಸ್ ವಿಷಯಕ್ಕೆ ಬರುತ್ತೇನೆ. ನಿನ್ನೆ ನಿದ್ದೆ ಕೆಡಿಸಿದ್ದು ಅವನೇ.

ಜಾನ್ ಕುರಿ ಕಾಯುವವನು. ಮಾತು ಕಡಿಮೆ, ತೂಕ ಜಾಸ್ತಿ. ನನ್ನ ಪ್ರಕಾರ ಸರಣಿಯಲ್ಲಿ ಇವನಷ್ಟು ಒಳ್ಳೇ ಮನುಷ್ಯ ಇನ್ನೊಬ್ಬ ಇಲ್ಲ. ನಾಲ್ಕನೇ ಪುಸ್ತಕದಲ್ಲಿ ವಿಲ್‌ಗೆ ಒಂದು ಮಾತು ಹೇಳುತ್ತಾನೆ. ಕತ್ತಲಿನ ನಡುವೆ ದೊಡ್ಡ ಕಪ್ಪು ಗುಂಡಿ ಇರುವ ಹಾಗೇ ನಿಮ್ಮ ಬೆಳಕಿನ ನಡುವೆಯೂ ತಣ್ಣಗಿನ ಬಿಳಿ ಜ್ವಾಲೆ ಇದೆ. ತತ್ವಕ್ಕಿಂತ ಒಬ್ಬ ಮನುಷ್ಯ ನನಗೆ ದೊಡ್ಡವನು ಅನ್ನುವ ಅರ್ಥದಲ್ಲಿ ಮಾತಾಡುತ್ತಾನೆ. ಅಂಥವನ ಹೆಂಡತಿ ಬ್ಲಾಡ್ವೆನ್, ಮೃದು ಮಾತಿನ, ಎಲ್ಲರಿಗೂ ಬೇಕಾದ ಹೆಂಗಸು, ಕೊನೇ ಪುಸ್ತಕದಲ್ಲಿ ಕತ್ತಲಿನ ಕಡೆಯ ಬಿಳಿ ಸವಾರ ಅಂತ ಗೊತ್ತಾಗುತ್ತದೆ. ಇಡೀ ಸಂಸಾರವೇ ಒಂದು ವೇಷ. ಅದು ಗೊತ್ತಾದ ಮೇಲೂ, ಬ್ರಾನ್‌ಗೆ ಈ ಕಾಲದಲ್ಲಿ ಇರುವ ಹಕ್ಕಿದೆಯೇ ಅಂತ ತೀರ್ಪು ಕೊಡುವ ಹೊರೆ ಇವನ ತಲೆಗೇ ಬರುತ್ತದೆ. ಎದೆ ಒಡೆದುಹೋದ ಆ ಗಳಿಗೆಯಲ್ಲೂ ನ್ಯಾಯವಾಗಿ ತೀರ್ಪು ಕೊಡುತ್ತಾನೆ. ಪ್ರೀತಿಯ ಕಟ್ಟುಗಳು ಬ್ರಾನ್‌ನನ್ನು ಇಲ್ಲಿಯವನನ್ನಾಗಿ ಮಾಡಿವೆ ಅನ್ನುತ್ತಾನೆ. ಮಹಾಭಾರತದಲ್ಲಿ ಇವನಿದ್ದಿದ್ದರೆ ವಿದುರನ ಪಕ್ಕ ಕೂರಿಸಬಹುದಿತ್ತು.

ಆಮೇಲೆ ಬೆಳಕಿನ ಕಡೆಯವರು ಅವನನ್ನು ಕೇಳುತ್ತಾರೆ, ಹೆಂಡತಿಯ ನಿಜ ನೆನಪಿರಬೇಕಾ, ಮರೆಯಬೇಕಾ ಅಂತ. ಪಾಪ, ಅವನಿಗೆ ಹೇಳಲು ಆಗುವುದಿಲ್ಲ. ನೀವೇ ಹೇಳಿ ಅನ್ನುತ್ತಾನೆ. ಅವರು ಮರೆವು ಕೊಡುತ್ತಾರೆ. ಅವನ ಪಾಲಿಗೆ ಇನ್ನು ಬ್ಲಾಡ್ವೆನ್ ಅಪಘಾತದಲ್ಲಿ ತೀರಿಕೊಂಡ ಒಳ್ಳೇ ಹೆಂಡತಿ.

ಅಂದರೆ ಜೀವಮಾನ ಪೂರ್ತಿ ಅವನು ಇಲ್ಲದ ಹೆಂಗಸಿಗಾಗಿ ಅಳುತ್ತಾನೆ. ದುಃಖ ತಪ್ಪಿತಾ? ತಪ್ಪಲಿಲ್ಲ. ದುಃಖ ಹಾಗೇ ಇದೆ, ಅದರ ಕಾರಣ ಮಾತ್ರ ಸುಳ್ಳು.

ಇದು ನನಗೆ ಯಾಕೆ ಇಷ್ಟು ನಾಟುತ್ತೆ ಅಂತ ಹೇಳಿಬಿಡುತ್ತೇನೆ, ಇಲ್ಲಿ ಇರುವವರೆಲ್ಲ ನಮ್ಮವರೇ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ನಾಯಿ ಇತ್ತು. ಒಂದು ದಿನ ಶಾಲೆಯಿಂದ ಬಂದಾಗ ಇರಲಿಲ್ಲ. ಬೇಕು ಅಂತ ಕೇಳಿದರು, ಕೊಟ್ಟುಬಿಟ್ಟೆ ಅಂದರು ಅಪ್ಪ. ಎಷ್ಟೋ ಕಾಲ ನಾನು ಅಪ್ಪನ ಮೇಲೆ ಹಲ್ಲು ಕಡಿಯುತ್ತಾ ಬೆಳೆದೆ. ಅದು ಗಾಡಿಯ ಅಡಿಗೆ ಸಿಕ್ಕಿತ್ತು ಅಂತ ಗೊತ್ತಾಗಿದ್ದು ಅಪ್ಪ ಹೋದ ಮೇಲೆ, ಅತ್ತೆಯೊಬ್ಬರ ಬಾಯಿಂದ. ಮಗು ನೊಂದುಕೊಳ್ಳದಿರಲಿ ಅಂತ ಅಪ್ಪ ಕೆಟ್ಟವರಾದರು. ನನಗೆ ಸಿಕ್ಕಿದ್ದೇನು? ನಾಯಿಗೆ ಅಳುವ ಅವಕಾಶವೂ ಇಲ್ಲ, ಅಪ್ಪನ ಜೊತೆ ಸರಿಹೋಗುವ ಅವಕಾಶವೂ ಇಲ್ಲ. ತಮಾಷೆ ನೋಡಿ, ಇದೇ ಕೂಪರ್ ನಾಲ್ಕನೇ ಪುಸ್ತಕದಲ್ಲಿ ಬ್ರಾನ್‌ನ ನಾಯಿ ಕವಾಲ್‌ನನ್ನು ಅವನ ಕಣ್ಣೆದುರೇ ಗುಂಡಿಟ್ಟು ಕೊಲ್ಲಿಸುತ್ತಾರೆ. ಮರೆಮಾಚುವುದಿಲ್ಲ, ಬೇರೆ ಕಡೆ ನೋಡು ಅನ್ನುವುದಿಲ್ಲ. ಆ ಹುಡುಗನ ಸಿಟ್ಟು, ಗೆಳೆಯನ ಮೇಲೇ ಹರಿಹಾಯುವುದು, ಎಲ್ಲ ಇದೆ. ಅಷ್ಟು ಧೈರ್ಯ ಇದ್ದ ಕೈ ಕೊನೆಯಲ್ಲಿ ಯಾಕೆ ನಡುಗಿತು?

ಗೊತ್ತು, ‘ಮರೆವೂ ಒಂದು ವರ’ ಅಂತ ಹೇಳುವವರು ಸಾಲುಗಟ್ಟಿ ಬರುತ್ತೀರಿ. ಅಷ್ಟೆಲ್ಲ ಕಂಡ ಮಕ್ಕಳು ಸಾಮಾನ್ಯ ಬದುಕು ಬದುಕುವುದು ಹೇಗೆ, ಶಾಲೆಗೆ ಹೋಗಿ ಲೆಕ್ಕ ಮಾಡುವುದು ಹೇಗೆ ಅಂತ ಕೇಳುತ್ತೀರಿ. ಯುದ್ಧ ಕಂಡ ಮಕ್ಕಳು ಮಾಡಲಿಲ್ಲವಾ? ಕೂಪರ್ ಅವರೇ ಎರಡನೇ ಮಹಾಯುದ್ಧದ ಬಾಂಬುಗಳ ನಡುವೆ ಬೆಳೆದ ಹುಡುಗಿ. ಯಾರೂ ಪತಂಗ ಕಳಿಸಿ ಆಕೆಯ ನೆನಪು ಅಳಿಸಲಿಲ್ಲ. ಅಳಿಸಿದ್ದರೆ ಈ ಪುಸ್ತಕಗಳೇ ಹೀಗಿರುತ್ತಿದ್ದವಾ ಅನ್ನೋದು ನನ್ನ ಅನುಮಾನ. ಕಾಲ ತಾನಾಗಿ ಮರೆಸುವುದು ಬೇರೆ, ಮೇಲಿನವರು ಬಂದು ಒರೆಸಿ ಹೋಗುವುದು ಬೇರೆ.

ನಮ್ಮ ಕಥೆಗಳಲ್ಲಿ ಯಾರಾದರೂ ಹೀಗೆ ಒಮ್ಮೆಲೇ ಮರೆತರೆ ಅದಕ್ಕೆ ಏನಂತಾರೆ? ದುಷ್ಯಂತ ಶಕುಂತಲೆಯನ್ನು ಮರೆತದ್ದು ದೂರ್ವಾಸರ ಶಾಪ. ಕರ್ಣನಿಗೆ ಬೇಕಾದ ಹೊತ್ತಿಗೆ ಅಸ್ತ್ರ ಮರೆತುಹೋಗಿದ್ದು ಪರಶುರಾಮರ ಶಾಪ. ಹನುಮಂತ ತನ್ನ ಬಲ ತಾನೇ ಮರೆತಿದ್ದು ಋಷಿಗಳ ಶಾಪ. ಆ ಕೊನೆಯದಕ್ಕೆ ಕನಿಷ್ಠ ಜಾಂಬವಂತ ಇದ್ದ, ಸಮುದ್ರದ ದಡದಲ್ಲಿ ಕೂರಿಸಿ ನೆನಪಿಸಿದ. ಈ ಮಕ್ಕಳಿಗೆ ಅದೂ ಇಲ್ಲ. ವಿಲ್ ಹೇಳಬಹುದಿತ್ತು, ಆದರೆ ಹೇಳುವ ಹಾಗಿಲ್ಲ. ಅವನ ಗತಿ ಇನ್ನೂ ಘೋರ. ಜೊತೆಗೆ ಸತ್ತು ಬದುಕಿದ ಗೆಳೆಯರ ಪಕ್ಕದಲ್ಲೇ ಕೂತಿರುತ್ತಾನೆ, ಅವರಿಗೆ ಅವನು ರಜೆಯಲ್ಲಿ ಪರಿಚಯವಾದ ಒಬ್ಬ ಹುಡುಗ, ಅಷ್ಟೇ.

ಇನ್ನೊಂದು ವಾದ ಇದೆ, ಅದಕ್ಕೆ ಸ್ವಲ್ಪ ತಲೆಬಾಗುತ್ತೇನೆ. ಬೆಳಕು ತಣ್ಣಗಿದೆ ಅಂತ ಜಾನ್ ಬಾಯಲ್ಲಿ ಕೂಪರ್ ಮೊದಲೇ ಹೇಳಿಸಿದ್ದಾರೆ, ಹಾಗಾಗಿ ಅದು ಕೊನೆಗೆ ಹೀಗೆ ನಡೆದುಕೊಂಡಿದ್ದು ಸರಿಯಾಗೇ ಇದೆ ಅಂತ. ಒಪ್ಪಿದೆ. ಹಾಗಾದರೆ ಒಬ್ಬರಾದರೂ ಜಗಳ ಆಡಬೇಕಿತ್ತು! ಬ್ರಾನ್‌ಗೆ ಮೊದಲೇ ಹೇಳುತ್ತಾರೆ, ಇಲ್ಲೇ ಉಳಿದರೆ ಎಲ್ಲ ಮರೆಯುತ್ತೀಯ ಅಂತ. ಅವನು ತಿಳಿದೇ ರಾಜ ತಂದೆಯನ್ನು ಬಿಟ್ಟು ಸಾಕಿದ ತಂದೆಯನ್ನು ಆರಿಸಿಕೊಳ್ಳುತ್ತಾನೆ. ಅದಕ್ಕೆ ಕೈ ಮುಗಿಯುತ್ತೇನೆ. ಜಾನ್‌ನನ್ನೂ ಕೇಳುತ್ತಾರೆ. ಆ ಮೂವರನ್ನು ಯಾರು ಕೇಳಿದರು? ಯಾರೂ ಇಲ್ಲ. ‘ಆಗಲ್ಲ, ಇದು ನಮ್ಮದು, ಕೊಡಲ್ಲ’ ಅಂತ ಬಾರ್ನಿ ಒಂದು ಸಲ ಕೂಗಿದ್ದರೂ ನಾನು ನಿನ್ನೆ ನೆಮ್ಮದಿಯಾಗಿ ಮಲಗುತ್ತಿದ್ದೆ.

ಬೇರೆಯವರು ಹೀಗೆ ಮಾಡಿಲ್ಲ. ಫಿಲಿಪ್ ಪುಲ್‌ಮನ್ 2000ದಲ್ಲಿ ತಮ್ಮ ‘ಹಿಸ್ ಡಾರ್ಕ್ ಮೆಟೀರಿಯಲ್ಸ್’ ಸರಣಿಯ ಮೂರನೇ ಪುಸ್ತಕ ಮುಗಿಸುವಾಗ ಲೈರಾಳನ್ನೂ ಅವಳ ವಿಲ್‌ನನ್ನೂ (ಅಲ್ಲೂ ಒಬ್ಬ ವಿಲ್) ಬೇರೆ ಬೇರೆ ಲೋಕಕ್ಕೆ ಕಳಿಸಿ ನಮ್ಮ ಹೊಟ್ಟೆ ಉರಿಸಿದರು. ಆದರೆ ನೆನಪು ಬಿಟ್ಟರು. ವರ್ಷಕ್ಕೊಮ್ಮೆ ನಡುಬೇಸಿಗೆಯ ದಿನ ಮಧ್ಯಾಹ್ನ, ಆಕ್ಸ್‌ಫರ್ಡ್‌ನ ಸಸ್ಯೋದ್ಯಾನದ ಅದೇ ಬೆಂಚಿನಲ್ಲಿ, ಅವರವರ ಲೋಕದಲ್ಲಿ ಒಂದು ಗಂಟೆ ಕೂರುತ್ತಾರೆ. ಹ್ಯಾರಿ ಪಾಟರ್‌ನ ಗೆಳತಿ ಹರ್ಮಯೋನಿ ಆ ಸರಣಿಯ 2007ರ ಕೊನೇ ಪುಸ್ತಕದಲ್ಲಿ ಅಪ್ಪ ಅಮ್ಮನ ನೆನಪು ಬದಲಿಸಿ ಆಸ್ಟ್ರೇಲಿಯಾಕ್ಕೆ ಕಳಿಸುತ್ತಾಳೆ. ಅದು ಉಪಕಾರವೇ, ಅವರ ಜೀವ ಉಳಿಸಲು. ಆದರೂ ಹೇಳುವಾಗ ಅವಳ ಕಣ್ಣಲ್ಲಿ ನೀರು. ತಾನು ಏನು ಮಾಡಿದೆ ಅಂತ ಆ ಹುಡುಗಿಗೆ ಗೊತ್ತಿದೆ. ಮೆರಿಮನ್ ಮಾತ್ರ ಮುಗುಳ್ನಕ್ಕು ಹೊರಟ ಅನ್ನೋ ಹಾಗಿದೆ ಆ ಪುಟ.

ಇಷ್ಟೆಲ್ಲ ಬೈದು ಈ ಸರಣಿ ಓದಬೇಡಿ ಅಂತೀನಾ? ಖಂಡಿತ ಇಲ್ಲ. ಓದಿ, ಮಕ್ಕಳಿಗೂ ಓದಿಸಿ. ನಾಲ್ಕನೆಯದನ್ನಂತೂ ಬಿಡಲೇಬೇಡಿ. ಆಮೇಲೆ ಬಂದು ಕೊನೆ ಸರಿಯಾಗಿದೆ ಅಂತ ವಾದ ಮಾಡುವವರು ಒಂದು ಪ್ರಶ್ನೆಗೆ ಉತ್ತರ ಕೊಡಿ. ಜಾನ್ ರೋಲಂಡ್ಸ್ ಜಾಗದಲ್ಲಿ ನೀವಿದ್ದು, ನಿಮ್ಮನ್ನು ಕೇಳಿದ್ದರೆ, ಏನು ಹೇಳುತ್ತಿದ್ದಿರಿ? ಪಾತ್ರದ ಬಗ್ಗೆ ಅಲ್ಲ, ನಿಮ್ಮ ಬಗ್ಗೆ ಕೇಳುತ್ತಿದ್ದೇನೆ. ಉತ್ತರ ಕೊಡದೆ ಬರೀ ಹೃದಯದ ಗುರುತು ಒತ್ತಿ ಜಾರಿಕೊಳ್ಳುವವರ ಹೆಸರು ಬರೆದಿಟ್ಟುಕೊಳ್ಳುತ್ತೇನೆ.