ನೊರೆ ಇಳಿಯಲಿ, ಆಮೇಲೆ ಅಳೆ

ನಮ್ಮ ಮನೆಯಲ್ಲಿ ಅಳತೆ ಅಂದರೆ ಅಮ್ಮನದೇ. ಚಿಕ್ಕಬಳ್ಳಾಪುರದ ಪಕ್ಕದಲ್ಲೇ ನಮ್ಮ ಹಳ್ಳಿ, ಮನೆಯಲ್ಲಿ ಎರಡು ಸೀಮೆಹಸು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದ ಅಮ್ಮ ಲೀಟರ್ ಎಷ್ಟು, ಫ್ಯಾಟ್ ಎಷ್ಟು ಅಂತ ಬಾಯಲ್ಲೇ ಒಪ್ಪಿಸುತ್ತಾಳೆ. ನಾನು ಟೌನಿನಲ್ಲಿ ಟಿವಿ, ಆಂಪ್ಲಿಫೈಯರ್ ರಿಪೇರಿ ಮಾಡುವವನು. ನನ್ನ ಮೀಟರ್‌ಗಳ ಬಗ್ಗೆ ಅವಳಿಗೆ ಅಷ್ಟೇನೂ ಗೌರವವಿಲ್ಲ.

ಗಣೇಶನ ಹಬ್ಬ ಮುಗಿದ ವಾರ ಭಾಮೈದ ಒಂದು ಲೇಸರ್ ಪ್ರೊಜೆಕ್ಟರ್ ಹೊತ್ತುಕೊಂಡು ಮನೆಗೇ ಬಂದ. ಅವನದು ಸೌಂಡ್ಸ್, ಲೈಟಿಂಗ್ಸ್ ಬಾಡಿಗೆಗೆ ಕೊಡುವ ವ್ಯಾಪಾರ.

"ಭಾವ, ಬೆಳಕು ಡಲ್ ಹೊಡೀತಿದೆ. ಒಳಗಿನ ಫಿಲ್ಟರ್‌ಗಳು ತಿಂತಾ ಇವೆ. ಎರಡನ್ನೂ ಬದಲಾಯಿಸಿಬಿಡಿ."

ಅದರೊಳಗೆ ಮೂರು ಲೇಸರ್. ತರಂಗಾಂತರದ ಲೆಕ್ಕದಲ್ಲಿ ಕೆಂಪು 638 ನ್ಯಾನೋಮೀಟರ್, ಹಸಿರು 520, ನೀಲಿ 450. ಮೂರನ್ನೂ ಒಂದೇ ದಾರಿಗೆ ತರುವುದು ಡೈಕ್ರೋಯಿಕ್ ಫಿಲ್ಟರ್ ಅನ್ನುವ ಪುಟ್ಟ ಗಾಜಿನ ತುಂಡು. 45 ಡಿಗ್ರಿ ಓರೆಯಾಗಿ ಕೂತಿರುತ್ತದೆ. ಬಣ್ಣ ಬಳಿದ ಗಾಜಲ್ಲ ಇದು. ಮೇಲೆ ಬಹಳ ತೆಳುವಾದ ಪದರಗಳು, ಒಂದರ ಮೇಲೊಂದು. ಮದುವೆ ಊಟದ ಹಾಲ್ ಬಾಗಿಲಲ್ಲಿ ನಿಂತ ಸೋದರಮಾವನ ಹಾಗೆ ಒಂದು ಬಣ್ಣವನ್ನು ಒಳಗೆ ಬಿಡುತ್ತದೆ, ಇನ್ನೊಂದನ್ನು ಅಲ್ಲಿಂದಲೇ ತಿರುಗಿಸಿ ಕಳಿಸುತ್ತದೆ. ಈ ಪೆಟ್ಟಿಗೆಯಲ್ಲಿ ಕೆಂಪು ಪಾಪ ಎರಡು ಫಿಲ್ಟರ್ ದಾಟಿ ಬರಬೇಕು. ಎಷ್ಟು ತಿನ್ನುತ್ತವೆ ಅಂತ ಅಳೆದೇ ನೋಡೋಣ ಅಂದೆ. ಅಲ್ಲಿಂದ ಶುರು ನನ್ನ ಗ್ರಹಚಾರ.

ಕೆಂಪು ಲೇಸರ್ ತಡೆಯುವ ಕನ್ನಡಕ ಹಾಕಿಕೊಂಡೆ. ಅರ್ಧ ವಾಟ್ ಹತ್ತಿರದ ಲೇಸರ್, ತಪ್ಪಿ ಕಣ್ಣಿಗೆ ಬಿದ್ದರೆ ಕಣ್ಣೇ ಹೋಯಿತು. ಆದರೆ ಕೆಂಪನ್ನು ತಡೆಯುವ ಕನ್ನಡಕದಲ್ಲಿ ಕೆಂಪು ಚುಕ್ಕೆ ಕಾಣುವುದಾದರೂ ಹೇಗೆ? ಬೆಳಕಿನ ಪವರ್ ಅಳೆಯುವ ಮೀಟರನ್ನು ಎಲ್ಲೋ ಇಟ್ಟೆ. ಸೊನ್ನೆ ಬಂತು. ಭಾಮೈದ ಗೋಡೆಗೆ ಒರಗಿ, "ನೋಡಿ, ಪೂರ್ತಿ ತಿಂದುಬಿಟ್ಟಿದೆ" ಅಂದ.

ಪವರ್ ಇಳಿಸಿ, ಬಿಳಿ ಹಾಳೆ ಹಿಡಿದು, ಮೊಬೈಲ್ ಕ್ಯಾಮೆರಾದಲ್ಲಿ ಚುಕ್ಕೆ ಹುಡುಕಿ ಮೀಟರ್ ಕೂರಿಸಿದೆ. ಫಿಲ್ಟರ್ ಇಲ್ಲದೆ 410 ಮಿಲಿವಾಟ್. ಸರಿ, ಫಿಲ್ಟರ್ ಇಡಬೇಕು ಅನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಬರುವಷ್ಟರಲ್ಲಿ ಎರಡು ಸಲ ಕಾಫಿ ಆಗಿತ್ತು. ಫಿಲ್ಟರ್ ಇಟ್ಟು ನೋಡಿದರೆ 436!

ಗಾಜು ದಾಟಿದ ಮೇಲೆ ಬೆಳಕು ಜಾಸ್ತಿಯಾಗಿದೆ. ಭಾಮೈದನ ಕಣ್ಣು ಹೊಳೆಯಿತು.

"ಭಾವ, ಇನ್ನೂ ನಾಲ್ಕು ಫಿಲ್ಟರ್ ಹಾಕೋಣ. ಸುಮ್ನೆ ದೊಡ್ಡ ಪ್ರೊಜೆಕ್ಟರ್ ಯಾಕೆ ತಗೋಬೇಕು?"

ಹಾಲಿನ ಕ್ಯಾನ್ ತೊಳೆಯುತ್ತಿದ್ದ ಅಮ್ಮ ತಿರುಗಿಯೂ ನೋಡಲಿಲ್ಲ. "ಕರೆದ ತಕ್ಷಣ ಅಳೆದರೆ ಹಾಲೂ ಜಾಸ್ತಿನೇ ಬರುತ್ತೆ ಕಣೋ. ನೊರೆ ಇಳಿಯಲಿ, ಆಮೇಲೆ ಅಳೆ."

ನನಗೆ ನಾಚಿಕೆಯಾಯಿತು. ಕೆಂಪು ಲೇಸರ್ ಡಯೋಡ್ ತಣ್ಣಗಿದ್ದಾಗ ಜಾಸ್ತಿ ಬೆಳಕು ಕೊಡುತ್ತದೆ, ಬಿಸಿಯಾದ ಹಾಗೆ ಇಳಿಯುತ್ತದೆ. ಮೊದಲ ಅಳತೆ ಅರ್ಧ ಗಂಟೆ ಕಾದಿದ್ದ ಲೇಸರ್‌ದು, ಎರಡನೆಯದು ಕರೆಂಟ್ ಹೋಗಿ ತಣ್ಣಗಾಗಿದ್ದದ್ದು. ಸಾಲದ್ದಕ್ಕೆ ನನ್ನ ಮೀಟರ್ ಬೆಳಕನ್ನು ಅಳೆಯುವುದು ಅದರ ಬಿಸಿಯಿಂದಲೇ. ಕಾಫಿ ಲೋಟ ಹಿಡಿದಿದ್ದ ಕೈಯಲ್ಲೇ ಅದನ್ನೂ ಹಿಡಿದಿದ್ದೆ. ನನ್ನ ಅಂಗೈಗೂ ಒಂದಷ್ಟು ಮಿಲಿವಾಟ್ ಸೇರಿರಬೇಕು.

ಈ ಸಲ ಅರ್ಧ ಗಂಟೆ ಕಾದೆ. ಮೀಟರನ್ನು ಸ್ಟ್ಯಾಂಡಿಗೆ ಬಿಗಿದು, ಸೊನ್ನೆ ಮಾಡಿ, ಫಿಲ್ಟರ್ ಇಟ್ಟು, ತೆಗೆದು, ಮತ್ತೆ ಇಟ್ಟು ಮೂರು ಸಲ ಅಳೆದೆ. ಖಾಲಿಯಾಗಿ 412. ಒಂದು ಫಿಲ್ಟರ್ ದಾಟಿದರೆ 396. ಎರಡೂ ದಾಟಿದರೆ 381. ಅಂದರೆ ಒಂದೊಂದು ತಿನ್ನುವುದು ನೂರಕ್ಕೆ ನಾಲ್ಕು. ಅದನ್ನೂ ಪೂರ್ತಿ ತಿನ್ನುವುದಿಲ್ಲ. ಬಹುಪಾಲು ಪಕ್ಕಕ್ಕೆ ಚಿಮ್ಮಿ ಅಮ್ಮನ ಸ್ಟೀಲ್ ಕ್ಯಾನಿನ ಮೇಲೆ ಬಿದ್ದಿತ್ತು ಅಂತ ಮೊಬೈಲಿನಲ್ಲಿ ಕಂಡಾಗ ಎದೆ ಧಸಕ್ಕೆಂದಿತು. ಓಡಿ ಹೋಗಿ ಲೇಸರ್ ಆಫ್ ಮಾಡಿ, ಕ್ಯಾನಿಗೆ ಟವೆಲ್ ಹೊದಿಸಿದೆ. "ಅದಕ್ಕೇನು ಚಳೀನಾ?" ಅಂದಳು ಅಮ್ಮ.

ಹಾಗಾದರೆ ಬೆಳಕು ಹೋಗಿದ್ದೆಲ್ಲಿ? ಪೆಟ್ಟಿಗೆಯ ಮುಂದಿನ ಗಾಜಿನಾಚೆ ಅಳೆದೆ. 270! ಗಾಜಿಗೆ ಬೆರಳು ಸವರಿದರೆ ಅಂಟು. ಹಬ್ಬದಲ್ಲಿ ಈ ಮಹಾರಾಯ ಸ್ಮೋಕ್ ಮೆಷಿನ್ನನ್ನು ಪ್ರೊಜೆಕ್ಟರ್ ಮೂತಿಗೇ ಇಟ್ಟಿದ್ದ. ಹೊಗೆಯ ಜಿಡ್ಡು, ಅದರ ಮೇಲೆ ಮೆರವಣಿಗೆಯ ಧೂಳು. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದೆ. 350ಕ್ಕೆ ಏರಿತು. ಉಳಿದದ್ದು ಸಾದಾ ಗಾಜಿನ ಪಾಲು. ಒಂದೊಂದು ಮುಖಕ್ಕೆ ನೂರಕ್ಕೆ ನಾಲ್ಕು, ಅದನ್ನು ಒರೆಸಿ ತೆಗೆಯುವ ಹಾಗಿಲ್ಲ.

ಇಡೀ ದಿನದ ಕೆಲಸ. ಸಾವಿರ ರೂಪಾಯಿ ಅಂದೆ. "ಗಾಜು ಒರೆಸಿದ್ದಕ್ಕಾ?" ಅಂತ ಅವನ ಮುಖ ಹುಳ್ಳಗಾಯಿತು. ಒಂದೊಂದು ಫಿಲ್ಟರ್ ತಿನ್ನುವ ನಾಲ್ಕು ಪರ್ಸೆಂಟ್ ಲೆಕ್ಕ ಬಿಡಿಸಿ ಹೇಳಿದೆ. ತಲೆಯಾಡಿಸಿಕೊಂಡು ಹೋದ.

ಮಾರನೆಯ ದಿನ ಹೆಂಡತಿ ದುಡ್ಡು ತಂದುಕೊಟ್ಟಳು. ಎಣಿಸಿದರೆ ಒಂಬೈನೂರ ಇಪ್ಪತ್ತು. ಫೋನ್ ಮಾಡಿದೆ.

"ನನ್ನ ಹುಡುಗನ ಕೈಲಿ ಕೊಟ್ಟೆ, ಅವನು ಅಕ್ಕನ ಕೈಗೆ ಕೊಟ್ಟ. ಎರಡು ಕೈ ದಾಟಿ ಬಂದಿದೆ ಭಾವ. ಒಂದೊಂದಕ್ಕೆ ನಾಲ್ಕು ಪರ್ಸೆಂಟ್ ಅಂತ ನೀವೇ ಹೇಳಿದ್ರಿ, ಅಲ್ವಾ?"