ಈ ಪೇಪರನ್ನು ಐಚ್ಛಿಕ ಮಾಡಬೇಡಿ

ಎಂ.ಎ. ಸಮಾಜಶಾಸ್ತ್ರದಲ್ಲಿ ಸಮಕಾಲೀನ ಸಿದ್ಧಾಂತದ ಪೇಪರ್ ಬರೀ ಬಾಯಿಪಾಠ, ಐಚ್ಛಿಕ ಮಾಡಿಬಿಡಿ ಎಂದು ಬರೆದಿದ್ದೀರಿ. ಬಾಯಿಪಾಠ ಆಗಿರುವುದು ನಿಜ. ಎರಡನೆಯ ಮಾತು ಒಪ್ಪಲಾರೆ.

ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್ ಅವರನ್ನೇ ನೋಡಿ. ನಾವು ಬೇರೆಯವರೆದುರು ನಾಟಕದ ಪಾತ್ರದ ಹಾಗೆ ನಡೆದುಕೊಳ್ಳುತ್ತೇವೆ, ಮರೆಯಲ್ಲಿ ಬೇರೆಯೇ ಇರುತ್ತೇವೆ ಎಂದವರು. ನೋಟ್ಸ್‌ನಲ್ಲಿ ರಂಗದ ಮುಂದೆ, ರಂಗದ ಹಿಂದೆ ಅಂತ ಎರಡು ಸಾಲು ಇರುತ್ತದೆ, ಅಷ್ಟೇ. ಅವರ 1956ರ ಪುಸ್ತಕದಲ್ಲಿ ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್ ದ್ವೀಪದ ಒಂದು ಹೋಟೆಲ್ ಬರುತ್ತದೆ. ಗಿರಾಕಿಗಳು ಅರ್ಧ ಬಿಟ್ಟ, ಮೆತ್ತಗಾದ ಬೆಣ್ಣೆಗೆ ಅಡುಗೆಮನೆಯಲ್ಲಿ ಮತ್ತೆ ಆಕಾರ ಕೊಟ್ಟು, ಇನ್ನೊಬ್ಬರ ಟೇಬಲಿಗೆ ಕಳಿಸುತ್ತಿದ್ದರು! ಬಾಗಿಲು ದಾಟಿ ಹೊರಗೆ ಬಂದರೆ ಅದೇ ಜನರ ಮಾತು, ನಡೆ ಎಲ್ಲ ಬೇರೆ. ಇಷ್ಟು ಹೇಳಿದರೆ ಯಾರಿಗೆ ಅರ್ಥ ಆಗಲ್ಲ?

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯೆರ್ ಬೂರ್ದ್ಯೂ ಹೇಳಿದ ಸಾಂಸ್ಕೃತಿಕ ಬಂಡವಾಳ, ಅಂದರೆ ಮನೆ, ಓದು, ಭಾಷೆಯಿಂದ ಕೆಲವರಿಗೆ ಮೊದಲೇ ಸಿಗುವ ಅನುಕೂಲ, ಅದಂತೂ ಕ್ಲಾಸಿನಲ್ಲೇ ಕಾಣುತ್ತದೆ. ಸೆಮಿನಾರ್ ದಿನ ಇಂಗ್ಲಿಷ್ ಮೀಡಿಯಂನವರು ಮುಂದೆ ಕೂತು ಸಲೀಸಾಗಿ ಪ್ರಶ್ನೆ ಕೇಳುತ್ತಾರೆ. ಹಳ್ಳಿಯ ಕನ್ನಡ ಶಾಲೆಯಿಂದ ಬಂದ ಹುಡುಗಿ ಉತ್ತರ ಗೊತ್ತಿದ್ದರೂ ಸುಮ್ನೆ ತಲೆ ತಗ್ಗಿಸಿ ಬರೆದುಕೊಳ್ಳುತ್ತಾಳೆ. ಅದು ತನ್ನ ದಡ್ಡತನ ಅಂದುಕೊಂಡಿರುತ್ತಾಳೆ, ನನಗೆ ಸಂಕಟವಾಗುವುದು ಅಲ್ಲೇ. ಹಾಗಲ್ಲ ಎಂದು ಬೂರ್ದ್ಯೂ ಬಿಡಿಸಿ ತೋರಿಸಿದ್ದಾರೆ. ಅದನ್ನು ಕನ್ನಡದಲ್ಲಿ, ಮೊದಲ ಸೆಮಿಸ್ಟರಿನಲ್ಲೇ ಪಾಠ ಮಾಡಿ. ಈ ಪೇಪರ್ ಎಲ್ಲರಿಗಿಂತ ಜಾಸ್ತಿ ಬೇಕಾಗಿರುವುದು ಅವಳಿಗೇ ಅಲ್ವಾ?