ಶಿರೂರಿಂದ ಶಿರೂರಿಗೆ

ಉಡುಪಿಯವರ ಹತ್ರ ಹಳೇ ವಿಷಯ ಕೇಳಿದರೆ ಇಸವಿ ಬಾಯಿಗೆ ಬರುವುದು ಕಡಿಮೆ. "ಪೇಜಾವರ ಪರ್ಯಾಯ ಮುಗಿದ ಮೇಲೆ ಮನೆ ಕಟ್ಟಿಸಿದ್ದು", "ಅದಮಾರು ಪರ್ಯಾಯದಲ್ಲಿ ಕೊರೊನಾ ಬಂದದ್ದು", ಹೀಗೇ ಲೆಕ್ಕ. ಎಂಟು ಮಠ, ಒಂದೊಂದಕ್ಕೆ ಎರಡು ವರ್ಷ ಕೃಷ್ಣನ ಪೂಜೆ. ಒಂದು ಮಠದ ಸರದಿ ತಿರುಗಿ ಬರಲು 16 ವರ್ಷ. ಹುಟ್ಟುಹಬ್ಬ ವರ್ಷ ವರ್ಷ ಬಂದು ನಮ್ಮನ್ನು ಏಮಾರಿಸುತ್ತದೆ, ಏನೂ ಬದಲಾಗಿಲ್ಲ ಅಂತ ಕೇಕ್ ತಿನ್ನುತ್ತೇವೆ. 16 ವರ್ಷಕ್ಕೊಮ್ಮೆ ಬರುವುದು ಹಾಗಲ್ಲ. ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಅಂತ ಹಾಜರಿ ತೆಗೆದೇ ಹೋಗುತ್ತದೆ.

ನನ್ನದು ಶಿರೂರು ಲೆಕ್ಕ. 1978ರದ್ದಾಗುವಾಗ ಅಮ್ಮ ನನ್ನನ್ನು ಹೊತ್ತ ಏಳು ತಿಂಗಳ ಬಸುರಿ. 1994ಕ್ಕೆ ನಾನು ಎಸ್ಸೆಸ್ಸೆಲ್ಸಿ. 2010ಕ್ಕೆ ಮನೆಯಲ್ಲಿ ಮಗಳು, ಕೈಕೂಸು. ಈ ಸಲದ್ದು 2026ರ ಜನವರಿ 18ಕ್ಕೆ, ಶಿರೂರು ಮಠದ ವೇದವರ್ಧನ ತೀರ್ಥರ ಮೊದಲ ಪರ್ಯಾಯ. ಆ ಕೂಸು ಈಗ ಪಿಯುಸಿ, ಗೆಳತಿಯರ ಜೊತೆ ರಾತ್ರಿಯಿಡೀ ಪೇಟೆ ಸುತ್ತಲು ಹೋಗಿದ್ದಳು.

ನನ್ನ ವಯಸ್ಸಿನವರೆಲ್ಲ "ಕಾಲ ಎಷ್ಟು ಬೇಗ ಓಡಿತು ಮಾರಾಯ್ರೆ" ಅನ್ನುವುದು ನನಗೆ ಒಪ್ಪಿಗೆಯಿಲ್ಲ. 2010ರಿಂದ ಇಲ್ಲಿಯವರೆಗಿನ ಮನೆಸಾಲದ ಕಂತು ಕಟ್ಟಿದವನಿಗೆ ಕೇಳಿ, ಓಡಿತಾ ತೆವಳಿತಾ ಅಂತ. ಸಂಗತಿ ಬೇರೆ. ನಲವತ್ತು ದಾಟಿದವರಿಗೆ ಹತ್ತರಿಂದ ಮೂವತ್ತರೊಳಗಿನ ನೆನಪುಗಳೇ ಹೆಚ್ಚು ದಟ್ಟ ಅಂತ ಮನಶ್ಶಾಸ್ತ್ರದವರು ಎಷ್ಟೋ ಅಧ್ಯಯನಗಳಲ್ಲಿ ಕಂಡಿದ್ದಾರೆ. ನನಗಂತೂ ಅದು ಸರಿಯೇ. 1994ರ ಆ ರಾತ್ರಿ ಅಪ್ಪ ತಲೆಗೆ ಬೈರಾಸು ಸುತ್ತಿಕೊಂಡದ್ದು, ಮಧ್ವ ಸರೋವರದ ಹತ್ತಿರ ರಥದ ಹಾಗೆ ಪೇರಿಸಿದ ಕಟ್ಟಿಗೆ ತೋರಿಸಿ "ಇಷ್ಟೂ ಎರಡು ವರ್ಷದ ಅನ್ನಕ್ಕೆ" ಅಂದದ್ದು, ಬೆಳಗಿನ ಜಾವ ತಿಂದ ಗೋಳಿಬಜೆಯ ಬಿಸಿ, ಎಲ್ಲ ಹಾಗೇ ಉಂಟು. ಆಗ ಉಡುಪಿ ಇನ್ನೂ ಜಿಲ್ಲೆ ಕೂಡ ಆಗಿರಲಿಲ್ಲ. 2010ರದ್ದು ಕೇಳಿದರೆ ಮಗುವಿಗೆ ಜ್ವರ ಇತ್ತು ಅನ್ನುವುದು ಬಿಟ್ಟು ಬೇರೇನಿಲ್ಲ. ನಾವು ಮೆರವಣಿಗೆಗೆ ಹೋಗಿದ್ದೆವು ಅಂತ ಹೆಂಡತಿ, ಇಲ್ಲ ಅಂತ ನಾನು. ಫೋಟೋ ಇದ್ದ ಹಾರ್ಡ್ ಡಿಸ್ಕ್ ಯಾವತ್ತೋ ಸತ್ತಿದೆ.

ಆದರೆ ಆ ಗೋಳಿಬಜೆ 1994ರದ್ದೋ, 1996ರ ಸೋದೆ ಪರ್ಯಾಯದ್ದೋ? ಕೇಳುವುದಕ್ಕೆ ಅಪ್ಪ ಇಲ್ಲ. ಕೃಷ್ಣಾಪುರ ಪರ್ಯಾಯದ ಮೊದಲ ಮಳೆಗಾಲದಲ್ಲಿ ತೀರಿಕೊಂಡರು. ನಡುವಯಸ್ಸು ಅಂದರೆ ಮಂಡಿನೋವು, ಶುಗರು ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಬಾಲ್ಯಕ್ಕೆ ಸಾಕ್ಷಿ ಇದ್ದವರು ಒಬ್ಬೊಬ್ಬರೇ ಖಾಲಿಯಾಗುವ ವಿಷಯ ಯಾರೂ ಹೇಳುವುದಿಲ್ಲ.

ಈ ಸಲ ಅಮ್ಮ ಟಿವಿಯಲ್ಲಿ ಯೂಟ್ಯೂಬ್ ಹಾಕಿಸಿಕೊಂಡು ಶಾಲು ಹೊದ್ದು ಕೂತಿದ್ದಳು. "ಬಂತಾ?" ಅಂತ ಗಳಿಗೆಗೊಮ್ಮೆ. ನನಗೆ ಒಂದು ಕಣ್ಣು ಟಿವಿ ಮೇಲೆ, ಇನ್ನೊಂದು ಮಗಳ ಫೋನ್ ಬರಬೇಕಾದ ಮೊಬೈಲ್ ಮೇಲೆ. ಜೋಡುಕಟ್ಟೆಯಿಂದ ಮೆರವಣಿಗೆ ಹೊರಟದ್ದೇ ತಡ, ಅಮ್ಮ ಎದ್ದು ಟಿವಿಗೆ ಬೆರಳು ಮುಟ್ಟಿಸಿದಳು: "ಇಲ್ಲೇ. ನೀನು ಹೊಟ್ಟೆಯಲ್ಲಿರುವಾಗ ನಾನು ನಿಂತದ್ದು ಇಲ್ಲೇ. ನಿನ್ನ ಅಪ್ಪ ಬದಿಯಲ್ಲಿದ್ದರು."

ನಾನು ಚಿಕ್ಕಂದಿನಿಂದ ಕೇಳಿದ ಕಥೆ ಇದಲ್ಲ. "ಬಸುರಿ ಹೆಂಗಸಿಗೆ ಆ ಜನಜಂಗುಳಿ ಎಂತಕ್ಕೆ" ಅಂತ ಅಜ್ಜಿ ತಡೆದು, ಅಮ್ಮ ಕುಂಜಿಬೆಟ್ಟಿನ ಮನೆಯ ಜಗಲಿಯಲ್ಲಿ ಕೂತು ದೂರದ ಗರ್ನಾಲಿನ ಸದ್ದು ಕೇಳಿ ಅತ್ತದ್ದು ಮೂಲ ಕಥೆ. ಅಪ್ಪ ಇರುವಷ್ಟು ಕಾಲ ಅದೇ ಚಾಲ್ತಿಯಲ್ಲಿತ್ತು. ಅಪ್ಪ ಹೋದ ಮೇಲೆ ಅಮ್ಮ ಜಗಲಿ ಇಳಿದು ನಿಧಾನಕ್ಕೆ ಪೇಟೆಗೆ ಬಂದಿದ್ದಾಳೆ.

ತಂಗಿಗೆ ಇದು ಸಹಿಸುವುದಿಲ್ಲ. "ಅಮ್ಮ, ನೀನು ಹೋಗಿರ್ಲೇ ಇಲ್ಲ" ಅಂತ ಫೋನಿನಲ್ಲೇ ತಿದ್ದುತ್ತಾಳೆ. ಆಗಿನ್ನೂ ಅವಳು ಹುಟ್ಟಿಯೇ ಇರಲಿಲ್ಲ, ಅದು ಬೇರೆ! "ಅಣ್ಣ, ಅವಳನ್ನು ಡಾಕ್ಟರಿಗೆ ತೋರಿಸು" ಅಂದಳು, ತೋರಿಸಿಯೂ ಆಯಿತು. ವಯಸ್ಸಿನದ್ದು, ಗಾಬರಿ ಬೇಡ ಅಂದರು. ಗ್ಯಾಸ್ ಆರಿಸಲು ಮರೆತರೆ ನಾನೂ ಜೋರು ಮಾಡುತ್ತೇನೆ. ಇಪ್ಪತ್ತನಾಲ್ಕರ ಹುಡುಗಿಗೆ ಅತ್ತೆ ಬೇಡ ಅಂದದ್ದನ್ನು ಎಪ್ಪತ್ತೆರಡರಲ್ಲಿ ತಾನೇ ಪಡೆದುಕೊಂಡರೆ ತಿದ್ದಲು ನಾನ್ಯಾರು? ಮನೆಯ ನೆನಪೇನು ಆರ್‌ಟಿಸಿಯಾ, ಯಾರ ಹೆಸರಿನಲ್ಲಿ ಎಷ್ಟು ಸೆಂಟ್ಸ್ ಅಂತ ನೋಡಲು?

ಮಗಳು ಮರುದಿನ ಅಜ್ಜಿಯ ಕಥೆಯನ್ನು ಪೂರ್ತಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಳು. 2042ರ ಶಿರೂರು ಪರ್ಯಾಯಕ್ಕೆ ನನಗೆ 64ರ ಹತ್ತಿರ. ಅಷ್ಟೊತ್ತಿಗೆ ಜಗಲಿಯ ಕಥೆ ಗೊತ್ತಿರುವವರು ನಾನು, ತಂಗಿ ಇಬ್ಬರೇ.

ಅದಕ್ಕಿಂತ ಮೊದಲು 2028ರಲ್ಲಿ ಸೋದೆ. ರಥಬೀದಿಯಲ್ಲಿ ಪರಿಚಯದವರ ಅಂಗಡಿಯೆದುರು ಕುರ್ಚಿ ಹಾಕಿ ಅಮ್ಮನನ್ನು ಕೂರಿಸುವ ಅಂದಾಜಿದೆ. ರಜೆ ಹಾಕಿ ಬಾ ಅಂತ ತಂಗಿಗೆ ಈಗಲೇ ಹೇಳಿಟ್ಟಿದ್ದೇನೆ. ಬರುತ್ತಾಳಂತೆ. ಆದರೆ ಅಮ್ಮ ಜೋಡುಕಟ್ಟೆ ಕಥೆ ತೆಗೆದರೆ ಸುಮ್ಮನೆ ಕೂರಲು ತನ್ನಿಂದ ಆಗುವುದಿಲ್ಲವಂತೆ.